ಡ್ರಿಪ್ ಹಾಕಿದ ಕೈ ಮತ್ತು ಮಧ್ಯಾಹ್ನದ ಪೇಪರ್

ಅಪೆಂಡಿಕ್ಸ್ ಆಪರೇಷನ್ ಆದ ನಾಲ್ಕನೇ ದಿನ ನನಗೆ ಚಳಿಜ್ವರ ಹಿಡಿಯಿತು. ಕಬ್ಬಿಣದ ಮಂಚ ಗಡಗಡ ಸದ್ದು ಮಾಡುವಷ್ಟು ನಡುಕ.

ಅರುವತ್ತರ ದಶಕದ ಮಾತು. ನಾನು ಮಡಂತ್ಯಾರಿನ ಹತ್ತಿರ ಒಂದು ಶಾಲೆಯಲ್ಲಿ ಮಾಷ್ಟ್ರು. ಆಸ್ಪತ್ರೆ ಮೂಡುಬಿದಿರೆ ಕಡೆಯದು. ಹೆಸರು ಬೇಡ, ಒಮ್ಮೆ ಕೆಡಿಸಿದ್ದೇ ಸಾಕು.

ಎಡಗೈಯನ್ನು ಮರದ ಪಟ್ಟಿಗೆ ಕಟ್ಟಿ ಡ್ರಿಪ್ ಹಾಕಿದ್ದರು. ಆ ಕೈ ಅಲುಗಿಸಬಾರದು, ಕಟ್ಟು ಮುಟ್ಟಬಾರದು ಅಂತ ಲಿಲ್ಲಿ ಸಿಸ್ಟರ್ ದಿನಕ್ಕೆ ಮೂರು ಸಲ ಹೇಳುತ್ತಿದ್ದರು. ಗಡಿಯಾರ ನೋಡಿಕೊಂಡೇ ಸೂಜಿ ಕುದಿಸುವ ಹೆಂಗಸು ಅವರು.

ಜ್ವರ ಸ್ವಲ್ಪ ಇಳಿದ ಕೂಡಲೇ ನಾನು ಒಂದು ಕೆಲಸ ಮಾಡಿದೆ. ಪೇಪರಿನ ಓದುಗರ ಅಂಕಣಕ್ಕೆ ಪತ್ರ ಬರೆದೆ. ಈ ಆಸ್ಪತ್ರೆಯಲ್ಲಿ ಸೂಜಿಯನ್ನು ಸರಿಯಾಗಿ ಕುದಿಸುವುದಿಲ್ಲ, ಗುಣವಾಗಲು ಬಂದವರಿಗೆ ಇಲ್ಲೇ ಜ್ವರ ಅಂಟುತ್ತದೆ, ಆಡಳಿತದವರು ವಿಚಾರಿಸಲಿ... ಹೀಗೆ. ಕೆಳಗೆ "ನೊಂದ ರೋಗಿ".

ದಿನಾ ನೋಡಲು ಬರುತ್ತಿದ್ದ ಭಾವನ ಕೈಯಲ್ಲಿ ಕೊಟ್ಟೆ. ಅವರು ಹೋಗುವ ದಾರಿಯಲ್ಲೇ ಅಂಚೆಗೆ ಹಾಕಿದರು.

ಮರುದಿನ ಮತ್ತೆ ನಡುಕ, ಈ ಸಲ ಹೆಚ್ಚು. ಕೈ ಕೂಡ ಬಾತಿತ್ತು.

ಈಗಲೂ ಕಣ್ಣ ಮುಂದೆ ಉಂಟು. ಡಾಕ್ಟರು ಪಕ್ಕದಲ್ಲಿ ನಿಂತಿದ್ದಾರೆ, ಸಿಸ್ಟರ್ ಕಟ್ಟು ಬಿಚ್ಚುತ್ತಿದ್ದಾರೆ. ಸೂಜಿ ಚುಚ್ಚಿದಲ್ಲಿ ಕೆಂಪಾಗಿ ಕೀವು. ಬಿಳಿ ಪ್ಲಾಸ್ಟರಿನ ಮೇಲೆ ಕಪ್ಪಗೆ ಒಂದು ಹೆಬ್ಬೆರಳಿನ ಗುರುತು.

ಸಿಸ್ಟರ್ ಚಿಮಟದಲ್ಲಿ ಸೂಜಿಯ ಅಡಿಯಿಂದ ಏನನ್ನೋ ಎಳೆದರು. ಮಡಚಿದ ಪೇಪರಿನ ತುಂಡು. ಹಲ್ಲುಪುಡಿಯ ಜಾಹೀರಾತಿನ ಅರ್ಧ ಮುಖ ಅದರಲ್ಲಿ ನಗುತ್ತಿತ್ತು.

ಇನ್ನು ಅಡಗಿಸಿ ಫಲವಿಲ್ಲ.

ಭಾವ ದಿನಾ ಮಧ್ಯಾಹ್ನ ಪೇಪರ್ ತರುತ್ತಿದ್ದರು. ಹೋಟೆಲಿನಲ್ಲಿ ಹತ್ತು ಮಂದಿ ಓದಿ, ಗೋಳಿಬಜೆಯ ಎಣ್ಣೆ ಮೆತ್ತಿದ ಪೇಪರ್. ಅಷ್ಟಗಲದ ಹಾಳೆ ಬಿಡಿಸಲು ಎರಡು ಕೈ ಬೇಕಲ್ಲ ಮಾರಾಯ್ರೇ... ಸಿಸ್ಟರ್ ಊಟಕ್ಕೆ ಹೋದಾಗ ನಾನು ಪಟ್ಟಿ ಬಿಚ್ಚುತ್ತಿದ್ದೆ. ಓದಿ ಮುಗಿದ ಮೇಲೆ ಅಚ್ಚಿನ ಮಸಿ ಹತ್ತಿದ ಅದೇ ಕೈಯಿಂದ ಪ್ಲಾಸ್ಟರ್ ಒತ್ತಿ, ಸೂಜಿ ಅಲುಗದಂತೆ ಪೇಪರಿನ ತುಂಡು ಸಿಕ್ಕಿಸಿ, ಮೊದಲಿನ ಹಾಗೆ ಕಟ್ಟಿಡುತ್ತಿದ್ದೆ. ಶಾಲೆಯಲ್ಲಿ ಸ್ಕೌಟ್ ನಡೆಸುವವನಿಗೆ ಕಟ್ಟು ಕಟ್ಟುವುದು ದೊಡ್ಡದಲ್ಲ.

ರೋಗಾಣು ಸೂಜಿಯ ದಾರಿಯಲ್ಲಿ ರಕ್ತಕ್ಕೇ ಇಳಿದಿದೆ, ಇನ್ನು ಎರಡು ದಿನ ಏನೂ ಹೇಳಲಿಕ್ಕಾಗದು ಅಂದರು ಡಾಕ್ಟರು. ಸೂಜಿ ಬಲಗೈಗೆ ಹೋಯಿತು. ಹೊತ್ತು ಹೊತ್ತಿಗೆ ಪೆನಿಸಿಲಿನ್. ಆ ಎರಡು ದಿನ ನನ್ನ ಹಣೆಯ ಬಟ್ಟೆ ಬದಲಿಸಿದವರು ಲಿಲ್ಲಿ ಸಿಸ್ಟರ್.

ಪ್ರಜ್ಞೆ ಸರಿಯಾದ ಮೇಲೆ ನಾನು ಮೊದಲು ಕೇಳಿದ್ದು ಆ ಪತ್ರದ ಬಗ್ಗೆ. ಹಾಕಿ ಆಗಿದೆಯಲ್ಲ, ಇನ್ನೆಂಥ ಮಾಡುವುದು ಅಂದರು ಭಾವ. ವಿಚಾರಣೆ ಅಂತ ಬಂದರೆ ಸಿಸ್ಟರರ ಕೆಲಸವೇ ಹೋಗಬಹುದು. ಜ್ವರ ಬಿಟ್ಟಿತ್ತು, ಆದರೂ ನಾನು ಬೆವತೆ.

ಪೇಪರ್ ನನ್ನ ಕೈಗೆ ಕೊಡಬಾರದು ಎಂದು ಆಜ್ಞೆ ಆಗಿತ್ತು. ಹಾಗಾಗಿ ಸಿಸ್ಟರೇ ಮಂಚದ ಪಕ್ಕ ಕೂತು ದಿನಾ ಓದಿ ಹೇಳುತ್ತಿದ್ದರು, ಮುಖ್ಯ ಸುದ್ದಿಯಿಂದ ಹಿಡಿದು ಮರಣ ವಾರ್ತೆವರೆಗೆ.

ಮೂರನೇ ದಿನ ಓದುಗರ ಅಂಕಣ ಶುರು ಮಾಡಿದರು. ನನ್ನ ಪತ್ರ. ಅಪೆಂಡಿಕ್ಸ್, ನಾಲ್ಕನೇ ದಿನದ ಜ್ವರ, ಕುದಿಸದ ಸೂಜಿ, ಒಂದಕ್ಷರ ಬಿಡದೆ ಓದಿದರು. ನಾನು ಗೋಡೆ ಕಡೆ ತಿರುಗಿದೆ.

"ಪಾಪ, ಹೆಸರು ಹಾಕಲಿಕ್ಕೆ ಮರೆತಿದ್ದಾರೆ" ಅಂದರು.

ಆಮೇಲೆ ಪೇಪರ್ ಮಡಚಿಟ್ಟು, ಹೋಗಿ ಸಾಬೂನು ಹಾಕಿ ಕೈ ತೊಳೆದು, ಒಂದು ಹಾಳೆ ಹಿಡಿದುಕೊಂಡು ಬಂದರು.

"ಇವರಿಗೆ ಒಂದು ಉತ್ತರ ಬರೆಯುವ ಮಾಷ್ಟ್ರೇ. ನೀವು ಹೇಳಿ, ನಾನು ಬರೆಯುತ್ತೇನೆ. ನಿಮ್ಮ ಕೈ ಅಲುಗುವುದು ಬೇಡ."

ಹೇಳಿದೆ. ಹೋಟೆಲಿನ ಪೇಪರ್, ಬಿಚ್ಚಿದ ಪಟ್ಟಿ, ಹಲ್ಲುಪುಡಿಯ ತುಂಡು, ಎಲ್ಲ. ಕೊನೆಯಲ್ಲಿ ಅವರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಹೆಸರು, ಊರು, ಶಾಲೆ ಕೂಡ ಹೇಳಿದೆ.

ಆ ಉತ್ತರವೂ ಪೇಪರಿನಲ್ಲಿ ಬಂತು. ವಿಚಾರಣೆಗೆ ಯಾರೂ ಬರಲಿಲ್ಲ. ಶಾಲೆಗೆ ಮರಳಿದ ದಿನ ಮಾತ್ರ ಏಳನೇ ಕ್ಲಾಸಿನ ಮಕ್ಕಳೆಲ್ಲ ಸಾಲಾಗಿ ನಿಂತು ಅಂಗೈ ತೋರಿಸಿದರು... ತೊಳೆದ ಕೈ, ಸಾರ್!

ನಿಮ್ಮದೇ ಬೆರಳಿನ ಗುರುತು ಕಾಣುವ ಮೊದಲು ನೀವು ಯಾರನ್ನೆಲ್ಲ ದೂರಿದ್ದೀರಿ, ಹೇಳಿ ನೋಡುವ?