ಕರಡಿಗೆಯ ಕೆಳಗಿನ ಕಲೆ

ಹಳಿಯಾಳದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ದಾಂಡೇಲಿ ಬಸ್ಸಿಗೆ ಕಾಯುವವರು, ಜೋಯಿಡಾ ಕಡೆಯಿಂದ ಸಂತೆಗೆ ಬಂದವರು, ಎಲ್ಲರೂ ನನ್ನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಅಲ್ಲರೀ, ನಾನು ಬರೀ ಔಷಧಿ ಮಾರುವವನು ಎಂದು ಒಂದು ದಿನವೂ ತಿದ್ದಲಿಲ್ಲ. ಕೇಳಲು ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಅಕ್ಕ ಅಲ್ಲೇ ಹತ್ತಿರದ ಹಳ್ಳಿಯಲ್ಲಿದ್ದಾಳೆ. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಚಿಕ್ಕಂದಿನಲ್ಲಿ ದೀಕ್ಷೆಯಾದಾಗ ಕಟ್ಟಿದ ಇಷ್ಟಲಿಂಗ ಅವಳ ಮೈಬಿಟ್ಟು ದೂರವಾದದ್ದೇ ಇಲ್ಲ. ಬೆಳಿಗ್ಗೆ ಪೂಜೆಗೆ ಅಂಗೈಗೆ ಬರುತ್ತದೆ, ಪೂಜೆ ಮುಗಿದರೆ ಬೆಳ್ಳಿಯ ಕರಡಿಗೆಯೊಳಗೆ ಸೇರಿ ಮತ್ತೆ ಎದೆಯ ಮೇಲೆ ಕೂರುತ್ತದೆ. ಮೂರು ಹೆರಿಗೆಯಲ್ಲೂ ಬಿಚ್ಚಲಿಲ್ಲ ಎಂದು ಈಗಲೂ ಹೇಳಿಕೊಳ್ಳುತ್ತಾಳೆ.

ಕರಡಿಗೆ ಕೂರುವ ಆ ಜಾಗದಲ್ಲೇ ಕೆಂಪು ಕಲೆಯೊಂದು ಎದ್ದಿತು. ರೂಪಾಯಿಯಗಲ, ಮೇಲೆ ತೆಳ್ಳಗೆ ಹೊಟ್ಟು, ಅಂಚಿನಲ್ಲಿ ದಾರ ಇಟ್ಟಂತೆ ಸಣ್ಣ ಏರು. ನೋವಿಲ್ಲ, ಆಗೊಮ್ಮೆ ಈಗೊಮ್ಮೆ ತುರಿಕೆ.

"ಕರಡಗಿ ತಿಕ್ಕಿ ಆಗೇತಿ ತಮ್ಮಾ" ಎಂದಳು.

ನಮ್ಮವರು ಯಾರೇ ಆದರೂ ಹಾಗೇ ಅನ್ನುತ್ತಿದ್ದರು. ವಯಸ್ಸಾದವರ ಎದೆಯಲ್ಲಿ ಆ ಜಾಗ ತುಸು ಕಪ್ಪಾಗಿರುವುದನ್ನು ನಾವೆಲ್ಲ ನೋಡುತ್ತಲೇ ಬೆಳೆದವರು. ನಾನೂ ಕನ್ನಡಕ ಏರಿಸಿ, ದೊಡ್ಡ ಪಂಡಿತನಂತೆ ಹೂಂಗುಟ್ಟಿ ಒಂದು ಟ್ಯೂಬ್ ಕೊಟ್ಟೆ. ಗಜಕರ್ಣಕ್ಕೆ, ತುರಿಕೆಗೆ, ಬೆವರುಸಾಲೆಗೆ, ಎಲ್ಲಕ್ಕೂ ನಾನು ಕೊಡುತ್ತಿದ್ದದ್ದು ಅದೇ, ಸ್ಟೀರಾಯ್ಡ್ ಬೆರೆತ ಮುಲಾಮು. ಹಚ್ಚಿದರೆ ಕೆಂಪು ಇಳಿಯುತ್ತಿತ್ತು, ಬಿಟ್ಟರೆ ಮರಳುತ್ತಿತ್ತು. ಅಕ್ಕ ಬೆಳ್ಳಿ ಕರಡಿಗೆ ತೆಗೆದಿಟ್ಟು ಲಿಂಗಕ್ಕೆ ಬಟ್ಟೆಯ ಚೀಲ ಹೊಲಿದಳು, ಅದನ್ನು ಕಟ್ಟುವ ಶಿವದಾರ ಬದಲಿಸಿದಳು. ಮೂರು ವರ್ಷ ಇದೇ ನಡೆಯಿತು. ಕಲೆ ಅರ್ಧ ಅಂಗೈಯಷ್ಟಾಯಿತು.

ಕೊನೆಗೆ ನನ್ನ ಹೆಂಡತಿಯೇ ರೇಗಿದಳು: "ನಿಮ್ಮ ಟ್ಯೂಬಿಗೆ ಬೆಂಕಿ ಹತ್ತಲಿ. ಆಕೀನ ಧಾರವಾಡಕ್ಕ ಕರ್ಕೊಂಡು ಹೋಗ್ರಿ."

ಧಾರವಾಡದ ಚರ್ಮರೋಗದ ವೈದ್ಯೆ ದೀಪವಿದ್ದ ಭೂತಗನ್ನಡಿಯನ್ನು ಕಲೆಯ ಮೇಲಿಟ್ಟು ಬಹಳ ಹೊತ್ತು ನೋಡಿದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಕ್ಕಿಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಆಗ ಅಕ್ಕ ಲಿಂಗದ ಚೀಲವನ್ನು ಭುಜದ ಮೇಲೆ ಸರಿಸಿಕೊಂಡು ಮಲಗಿದ್ದಳು, ಬಿಚ್ಚು ಎಂದು ಯಾರೂ ಅನ್ನಲಿಲ್ಲ. ಅದನ್ನು ಕಣ್ಣಾರೆ ಕಂಡೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ವಾರದ ಮೇಲೆ ವರದಿ ಬಂತು. ಸೂಪರ್‌ಫಿಶಿಯಲ್ ಬೇಸಲ್ ಸೆಲ್ ಕಾರ್ಸಿನೋಮಾ. ಚರ್ಮದ ಕ್ಯಾನ್ಸರ್.

"ಹೆದರಬ್ಯಾಡ್ರಿ ಅಮ್ಮಾ" ಎಂದರು ವೈದ್ಯೆ. "ನಮ್ಮ ಬಣ್ಣದವರಿಗೆ ಇದು ಕಮ್ಮಿ, ಆದ್ರ ಬರ್ತೈತಿ. ಮ್ಯಾಲ ಮ್ಯಾಲ ಐತಿ, ಬ್ಯಾರೆ ಕಡೆ ಹರಡೂದು ಭಾಳ ಅಪರೂಪ. ಕೊಯ್ದು ತಗದ್ರ ಅಂಚು ಪರೀಕ್ಷೆ ಮಾಡಿ ಖಾತ್ರಿ ಮಾಡ್ಕೋಬಹುದು. ಇಲ್ಲಾಂದ್ರ ಆರು ವಾರ ಹಚ್ಚೂ ಕ್ರೀಮ್ ಐತಿ. ಖಾತ್ರಿ ಸ್ವಲ್ಪ ಕಮ್ಮಿ."

ಅಕ್ಕ ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಬಾಯಿ ಹಾಕಿದೆ. "ಕೊಯ್ಯೂದು ಬ್ಯಾಡ್ರಿ. ಆಪರೇಷನ್ ಥೇಟರಿನ್ಯಾಗ ಲಿಂಗ ಬಿಚ್ಚಸ್ತಾರ. ಆಕಿ ಸತ್ರೂ ಒಪ್ಪಂಗಿಲ್ಲ."

ವೈದ್ಯೆ ಏನೋ ಹೇಳಹೊರಟರು. ನಾನು ಕ್ರೀಮನ್ನೇ ಬರೆದುಕೊಡಿ ಎಂದೆ. ಅಕ್ಕ ತಲೆಯಾಡಿಸಿದಳು. ತಮ್ಮನಿಗೆ ಇದೆಲ್ಲ ಗೊತ್ತು ಎಂಬ ಧೈರ್ಯ ಅವಳಿಗೆ.

ಇಮಿಕ್ವಿಮಾಡ್ ಎಂಬ ಕ್ರೀಮ್. ವಾರಕ್ಕೆ ಐದು ದಿನ ಮಲಗುವಾಗ ಹಚ್ಚಬೇಕು, ಬೆಳಿಗ್ಗೆ ತೊಳೆಯಬೇಕು. ವೈದ್ಯೆ ನನ್ನ ಕಡೆಗೇ ತಿರುಗಿ ಹೇಳಿದ್ದರು: "ಕೆಂಪಾಗ್ತೈತಿ, ರಸ ಸೋರ್ತೈತಿ, ಹಕ್ಕಳಿ ಕಟ್ತೈತಿ. ಹಂಗ ಆದ್ರ ಔಷಧ ಕೆಲಸ ಮಾಡಾಕತ್ತೇತಿ ಅಂತ ತಿಳ್ಕೋರಿ. ತಡಕೊಳ್ಳಾಕ ಆಗದಿದ್ರ ನನಗ ಫೋನ್ ಮಾಡ್ರಿ. ನೀವು ಮಾತ್ರ ಬ್ಯಾರೆ ಏನೂ ಹಚ್ಚಬ್ಯಾಡ್ರಿ."

ಮೂರನೆಯ ವಾರ ಅಕ್ಕ ಅಂಗಡಿಗೆ ಬಂದಳು. ಒಳಗೆ ಕೂರಿಸಿ ನೋಡಿದೆ. ಎದೆ ಸಿಪ್ಪೆ ಸುಲಿದ ಟೊಮೆಟೊದ ಹಾಗಾಗಿತ್ತು. ಎಡಗೈ ಮುಷ್ಟಿ ಕಟ್ಟಿಕೊಂಡೇ ಇದ್ದಳು.

"ಎದಿ ಮ್ಯಾಲ ಇಟ್ಕೊಳ್ಳಾಕ ಆಗವಲ್ದೋ ತಮ್ಮಾ, ಉರೀತೈತಿ. ಎರಡು ದಿನ ಆತು, ಲಿಂಗ ಕೈಯಾಗ ಹಿಡ್ಕೊಂಡ ಅದೇನಿ. ಒಂದ ಕೈಲೆ ರೊಟ್ಟಿ ಬಡೀತೇನಿ."

ಅಯ್ಯೋ, ಆ ಮುಷ್ಟಿ ನೋಡಲು ನನ್ನಿಂದಾಗಲಿಲ್ಲ. ಔಷಧಿ ಕೆಲಸ ಮಾಡುತ್ತಿದೆ, ಇನ್ನು ಮೂರು ವಾರ ತಡೆದುಕೋ ಎಂದು ಹೇಳುವುದಷ್ಟೇ ನನ್ನ ಕೆಲಸವಾಗಿತ್ತು. ಫೋನ್ ಜೇಬಿನಲ್ಲೇ ಇತ್ತು. ಆದರೆ ವೈದ್ಯೆಗೆ ಫೋನ್ ಮಾಡಿ ಕೇಳಲು ಈ ಡಾಕ್ಟರ್ ಸಾಹೇಬರಿಗೆ ನಾಚಿಕೆ. ಕೈ ತಾನಾಗಿ ಹಳೆಯ ಡಬ್ಬಕ್ಕೆ ಹೋಯಿತು. ಅದೇ ಸ್ಟೀರಾಯ್ಡ್ ಮುಲಾಮು ಕೊಟ್ಟು, ಕ್ರೀಮ್ ತೊಳೆದ ಮೇಲೆ ಬೆಳಿಗ್ಗೆ ಸಂಜೆ ಇದನ್ನು ಹಚ್ಚಿಕೋ ಎಂದೆ. ಕ್ಯಾನ್ಸರಿನ ಮೇಲೆ ಮೈ ತಾನೇ ಎದ್ದು ಹೋರಾಡಲಿ ಎಂದು ಒಂದು ಔಷಧಿ, ಹೋರಾಡಬೇಡ ಎಂದು ಅದರ ಹಿಂದೆಯೇ ಇನ್ನೊಂದು. ಓದಿದವನು ನಾನು. ಗೊತ್ತಿತ್ತು ನನಗೆ.

ನಾಲ್ಕೇ ದಿನಕ್ಕೆ ಉರಿ ಇಳಿಯಿತು. ಆರು ವಾರ ಮುಗಿಯುವಾಗ ಎದೆ ನುಣ್ಣಗಾಗಿತ್ತು. ಅಕ್ಕ ಹೋಳಿಗೆ ಮಾಡಿ ಉಣಿಸಿದಳು. ಮೂರು ತಿಂಗಳಿಗೆ ತೋರಿಸಲು ಕರೆದಿದ್ದರು, ವಾಸಿಯಾದದ್ದಕ್ಕೆ ಮತ್ತೇಕೆ ಅಲೆದಾಟ ಎಂದು ನಾನೇ ಬೇಡವೆಂದೆ.

ವರ್ಷ ದಾಟಿದ ಮೇಲೆ ಅದೇ ಜಾಗದ ನಡುವೆ ಗಂಟು ಕಟ್ಟಿ, ಒಡೆದು, ರಕ್ತ ಬರತೊಡಗಿತು. ಮತ್ತೆ ಧಾರವಾಡ. ಮತ್ತೆ ಚರ್ಮದ ತುಂಡು, ಮತ್ತೆ ವರದಿ. ಬೇರೆ ಏನಾದರೂ ಹಚ್ಚಿದ್ದಿರಾ ಎಂದು ವೈದ್ಯೆ ಕೇಳಿದಾಗ ನಾನು ಹೇಳಿದೆ. ಅವರು ಬೈಯಲಿಲ್ಲ. ತಲೆ ತಗ್ಗಿಸಿ ಬರೆದುಕೊಂಡರು.

"ಕೆಳಗ ಇಳದೈತಿ. ಇನ್ನ ಕೊಯ್ಯಲೇಬೇಕು. ಜಾಗ ದೊಡ್ಡದು, ತೊಡಿ ಚರ್ಮ ತಗದು ಎದಿಗೆ ಕೂಡಸಬೇಕಾಗ್ತೈತಿ."

ಅಕ್ಕ ಅಳತೊಡಗಿದಳು. ಚರ್ಮಕ್ಕಲ್ಲ, ಲಿಂಗ ಬಿಚ್ಚಬೇಕಲ್ಲ ಎಂದು. ವೈದ್ಯೆಗೆ ಆಶ್ಚರ್ಯವಾಯಿತು. "ಬಿಚ್ಚಬೇಕಂತ ಯಾರ ಹೇಳ್ಯಾರ್ರಿ? ಬಟ್ಟಿಯೊಳಗ ಸುತ್ತಿ ಮುಷ್ಟಿಯೊಳಗ ಇಟ್ಕೋರಿ, ಮ್ಯಾಲ ನಾವು ಬ್ಯಾಂಡೇಜ್ ಕಟ್ತೇವಿ."

ಅಕ್ಕ ಕಣ್ಣೊರೆಸಿಕೊಂಡಳು. "ಮೊದಲಿನ ಸಲಾನೂ ಹಿಂಗ ಮಾಡಬಹುದಿತ್ತೇನ್ರಿ?"

"ಹೂಂ, ಮತ್ತ. ಆವಾಗ ಸಣ್ಣದಿತ್ತು, ಸುತ್ತಲಿನ ಚರ್ಮಾನ ಎಳದು ಹೊಲಗಿ ಹಾಕಿಬಿಡ್ತಿದ್ವಿ."

ಅಕ್ಕ ನನ್ನ ಕಡೆ ನೋಡಿದಳು. ಕಾಲಲ್ಲಿದ್ದದ್ದು ತೆಗೆದು ಅಲ್ಲೇ ನಾಲ್ಕು ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಾರಿಸಲಿಲ್ಲ. "ಹೋಗೂಣು ನಡಿ, ಬಸ್ ತಪ್ಪತೈತಿ" ಎಂದಳು.

ಆಪರೇಷನ್ ಆಯಿತು. ಅಂಚುಗಳಲ್ಲಿ ರೋಗ ಉಳಿದಿಲ್ಲ ಎಂದು ವರದಿ ಬಂತು. ಎಲ್ಲರೂ ನನಗೆ ಸಮಾಧಾನ ಹೇಳುತ್ತಾರೆ. ಬೆಳಿಗ್ಗೆ ಅಂಗಡಿಯ ಶಟರ್ ಎತ್ತಲು ಕೈ ಬರುವುದಿಲ್ಲ, ಕೌಂಟರಿನಲ್ಲಿ ಯಾರಾದರೂ ತೋಳು ಚಾಚಿ ಕಲೆ ತೋರಿಸಿದರೆ ಧಾರವಾಡಕ್ಕೆ ಹೋಗಿ ಎಂದು ಕಳಿಸುತ್ತೇನೆ. ಯಾಕಾದರೂ ಈ ಕೆಲಸ ಕಲಿತೆನೋ.

ಹೋದ ವಾರ ಅಕ್ಕನ ಮನೆಗೆ ಹೋಗಿದ್ದೆ. ಗಾಯ ಮಾಯ್ದು ಆರು ತಿಂಗಳಾಗಿದೆ, ಲಿಂಗ ಮತ್ತೆ ಎದೆಯ ಮೇಲೇ ಇದೆ. ಚಹಾ ಕೊಡುವಾಗ, ಮಾತಾಡುವಾಗ, ಸೊಪ್ಪು ಸೋಸುವಾಗ ಗಳಿಗೆಗೊಮ್ಮೆ ಕುಬುಸದ ಮೇಲೆ ಕೈ ಇಟ್ಟು ನೋಡಿಕೊಳ್ಳುತ್ತಿದ್ದಳು. ನೋವಿದೆಯೇ ಎಂದು ಕೇಳಿದೆ.

"ನೋವು ಎಲ್ಲೀದು? ಹೊಸಾ ಚರ್ಮಕ್ಕ ಏನೂ ಗೊತ್ತಾಗಂಗಿಲ್ಲ ತಮ್ಮಾ. ಲಿಂಗ ಎದಿ ಮ್ಯಾಲ ಐತೋ ಇಲ್ಲೋ ತಿಳಿಯಂಗಿಲ್ಲ. ಬಿದ್ದೈತೇನೋ ಅಂತ ಜೀವ ಹಾರತೈತಿ, ಮುಟ್ಟಿ ನೋಡ್ತೇನಿ." ಸೊಪ್ಪು ಪಕ್ಕಕ್ಕಿಟ್ಟು ಮೆಲ್ಲಗೆ ಕೇಳಿದಳು, "ಅದಕ್ಕೇನರ ಔಷಧ ಐತೇನು?"

"ಇಲ್ಲಕ್ಕಾ" ಎಂದೆ.