ಸಾಗವಾನಿ ಮಂಚಕ್ಕೊಂದು ಇಂಗ್ಲಿಷ್ ಪತ್ರ

ಗೆಳೆಯರೇ, ನಿಮ್ಮಲ್ಲಿ ಯಾರಿಗಾದರೂ ಇಂಗ್ಲಿಷ್ ಸರಿಯಾಗಿ ಬಂದರೆ ಹೇಳಿ, ನನಗಂತೂ ಇವತ್ತು ತಲೆ ಕೆಟ್ಟಿದೆ.

ಪಕ್ಕದ ಮನೆಯ ಟ್ರಕ್ ಡ್ರೈವರ್ ದಾವಲಸಾಬ ಮಗಳ ಮದುವೆಗೆಂದು ಇಲ್ಲೇ ಗೋವಾದ ಡಿಚೋಲಿಯಲ್ಲಿ ಸಾಗವಾನಿ ಮಂಚ ಕೊಂಡಿದ್ದ. ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಗವಾನಿ ಸಿಪ್ಪೆಯಂತೆ ಸುಲಿದು ಬಂತು, ಒಳಗೆ ಬರೀ ಪ್ಲೈವುಡ್. ನಮ್ಮಾಕೆ ತೀರಿಕೊಂಡು ನಾಲ್ಕು ವರ್ಷವಾಯಿತು. ಇದ್ದಿದ್ದರೆ ಅಂಗಡಿಯಲ್ಲೇ ಉಗುರಿನಿಂದ ಕೆರೆದು ನೋಡುತ್ತಿದ್ದಳು. ಇರಲಿ.

"ಕಾಕಾ, ನಾಳೆ ಮಂಚ ಬೀಗರ ಮನಿಗೆ ಹೋಗಬೇಕ್ರಿ. ಇಂಗ್ಲಿಷ್‌ನ್ಯಾಗ ಒಂದು ಪತ್ರ ಬರದ ಕೊಡ್ರಿ, ಅಂಗಡಿಯಾಂವ ಹೆದರ್ತಾನ," ಎಂದ.

ಡಿಸೆಪ್ಟಿವ್ ಎಂದು ಬರೆದೆ. ಅದು ಬೇಕಂತಲೇ ಮೋಸ ಮಾಡಿದವನಿಗೆ ಹೇಳುವುದೇನೋ ಎಂದು ಹೊಡೆದುಹಾಕಿ, ಮೇಲೆ ಚಂದ ಒಳಗೆ ಪೊಳ್ಳು ಎನ್ನುವ ಸ್ಪೀಷಿಯಸ್ ಎಂದೆ. ಅದು ಬರೀ ವಾದಕ್ಕೋ, ಮಂಚಕ್ಕೂ ನಡೆಯುತ್ತದೋ? ಕೊನೆಗೆ ಎರಡನ್ನೂ ಇಟ್ಟು, ಭಾರಕ್ಕಿರಲೆಂದು ಆಸ್ಟೆನ್ಸಿಬಲ್, ಅಂದರೆ ಬರೀ ತೋರಿಕೆಯದು, ಎಂದೂ ಸೇರಿಸಿದೆ.

ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವನು ಪತ್ರವನ್ನು ಎರಡು ಸಲ ಓದಿ ಕುಸಿದು ಕೂತ. "ಪಾತ್ರಾಂವ್, ನನ್ನ ಧಣೀ, ದೇವರಾಣೆ, ಫ್ಯಾಕ್ಟರಿಯವರು ನನಗೂ ಸಾಗವಾನಿ ಅಂತಲೇ ಕೊಟ್ಟರು," ಎಂದು ಹಿಂದಿಯಲ್ಲಿ ಗೋಳಾಡಿದ. ತನ್ನ ಮನೆಗೆಂದು ಮಾಡಿಸಿದ್ದ ಗಟ್ಟಿ ಹಲಸಿನ ಮಂಚವನ್ನೇ ಟೆಂಪೋಗೆ ಏರಿಸಿದ. "ಫ್ಯಾಕ್ಟರಿಗೂ ಇಂಥದೇ ಒಂದು ಪತ್ರ ಬರೆದುಕೊಡಿ," ಎಂದು ಕೈ ಮುಗಿದ.

ದಾವಲಸಾಬ ನನ್ನ ಕಿವಿಯಲ್ಲಿ ಕೇಳಿದ, "ಕಾಕಾ, ಈಗ ಇವಂಗ ಬೈಬೇಕೋ, ಸಲಾಮ್ ಹೊಡೀಬೇಕೋ?"

ಚಂದ ಕಂಡು ಒಳಗೆ ಕೆಟ್ಟಿರುವುದಕ್ಕೆ ಕಾಲೇಜಿನಲ್ಲಿ ಬೇಕಾದಷ್ಟು ಶಬ್ದ ಕಲಿಸಿದ್ದರು. ಕಳ್ಳನಂತೆ ಕಂಡು ಒಳಗೆ ಒಳ್ಳೆಯವನಾಗಿರುವವನಿಗೆ ಏನೆನ್ನಬೇಕೋ, ಆ ದಿನ ನಾನು ಕ್ಲಾಸಿಗೆ ಹೋಗಿರಲಿಕ್ಕಿಲ್ಲ.