ನೆರಳು ಮೊದಲು, ಪಟಗಾ ಕಡೆಗೆ

ಇಂಡಿ ತಾಲ್ಲೂಕಿನ ಒಂದು ಊರಿನ ನಿಂಬೆ ಬೆಳೆಗಾರರ ಸಂಘಕ್ಕೆ ಸುರೇಖಾ ಕಾರ್ಯದರ್ಶಿ. ಮುದ್ದೇಬಿಹಾಳದ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಸೊಸೆಯಾಗಿ ಬಂದವಳು ಅತ್ತೆಯನ್ನೂ ಗೆದ್ದಳು, ಅತ್ತೆಯ ಎಮ್ಮೆಯನ್ನೂ ಗೆದ್ದಳು. ಸಂಘದ ಸಭೆಯೊಂದು ಮಾತ್ರ ಅವಳ ಕೈಗೆ ಸಿಕ್ಕಿರಲಿಲ್ಲ.

ಆ ಸಭೆಗೆ ಅದರದೇ ಧರ್ಮ. ಮೊದಲು ಸನ್ಮಾನ, ಆಮೇಲೆ ಭಾಷಣ, ಆಮೇಲೆ ಮಿರ್ಚಿ-ಚಹಾ, ಕಟ್ಟಕಡೆಗೆ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು'. ಅಧ್ಯಕ್ಷ ಮಲ್ಲಣ್ಣನವರ ಅಪ್ಪಣೆ ಸಿಗುವ ಹೊತ್ತಿಗೆ ಸದಸ್ಯರು ಬೈಕು ಹತ್ತಿರುತ್ತಿದ್ದರು. ಬಿಸಿಲಲ್ಲಿ ಕೂತು ನಿಂಬೆಕಾಯಿ ಆರಿಸುವ ಹೆಂಗಸರಿಗೆ ತಗಡಿನ ನೆರಳು ಹಾಕಿಸುವ ವಿಷಯ ವರ್ಷಗಟ್ಟಲೆ ಆ 'ಇತರ'ದಲ್ಲೇ ಬೇಯುತ್ತಿತ್ತು.

ಈ ಸಲ ಆ ಹೆಂಗಸರ ಪೈಕಿ ಹಿರಿಯಳಾದ ಶೇವಂತೆವ್ವ ಸುರೇಖಾಳ ಬಾಗಿಲಿಗೇ ಬಂದಳು. "ಈ ಮೀಟಿಂಗಿನ್ಯಾಗ ನೆಳ್ಳು ಆಗಲಿಲ್ಲಂದ್ರ ಕಾಯಿ ನೀನ ಆರಸವಾ. ನಾವ್ಯಾರೂ ಬರಂಗಿಲ್ಲ."

ಸುರೇಖಾ ಸೇನಾಪತಿಯಂತೆ ಯೋಚಿಸಿದಳು. ತಮಗೆ ಸನ್ಮಾನವಾಗದೆ ಅಧ್ಯಕ್ಷರು ಏಳುವುದಿಲ್ಲ. ಉಳಿದವರು ಮಿರ್ಚಿ ತಿನ್ನದೆ ಏಳುವುದಿಲ್ಲ. ಹಾಗಾಗಿ ಅಜೆಂಡಾವನ್ನೇ ತಲೆಕೆಳಗು ಮಾಡಿದಳು. ನೆರಳು ಮೊದಲು, ಸನ್ಮಾನ ಕಡೆಗೆ, ಮಿರ್ಚಿ ಅದಕ್ಕೂ ಕಡೆಗೆ. ಸನ್ಮಾನದ ಪಟಗಾ, ಅಂದರೆ ತುರಾಯಿ ಬಿಟ್ಟ ರುಮಾಲು, ಸುತ್ತುವ ಸಿಂದಗಿಯ ಮುರ್ತುಜಾಸಾಬನಿಗೆ ಮಧ್ಯಾಹ್ನದ ಮೇಲೆ ಬರಲು ಫೋನು ಮಾಡಿದಳು.

ಅವನು ಬೆಳಿಗ್ಗೆ ಸಭೆ ಶುರುವಾಗುವ ಹೊತ್ತಿಗೇ ಬಂದ. ಬಸವನ ಬಾಗೇವಾಡಿಯಲ್ಲಿ ಒಂದು ಮದುವೆಯಿತ್ತಂತೆ, ಬೀಗರ ತಲೆಗಳೆಲ್ಲ ಕಾಯುತ್ತಿದ್ದವಂತೆ. ಈಗಲೇ ಸುತ್ತಿಸಿಕೊಳ್ಳದಿದ್ದರೆ ಹೊರಟೆ ಎಂದ. ಮಲ್ಲಣ್ಣನವರು ಆಗಲೇ ಟೋಪಿ ತೆಗೆದು ತಲೆಯೊಡ್ಡಿದ್ದರು. ಪಟಗಾ ಮುಗಿದರೆ ಚಪ್ಪಾಳೆ, ಚಪ್ಪಾಳೆಯಾದರೆ ಭಾಷಣ. ಅಲ್ಲಿಗೆ ನೆರಳಿನ ಕಥೆ ಮುಗಿದಂತೆಯೇ.

"ಸುತ್ರಿ ಕಾಕಾ," ಎಂದಳು ಸುರೇಖಾ. "ಅವಸರ ಮಾಡಬ್ಯಾಡ್ರಿ, ಛಂದಂಗ ಸುತ್ರಿ."

ಮುರ್ತುಜಾಸಾಬ ಬಟ್ಟೆಯ ಒಂದು ತುದಿಯನ್ನು ಅಧ್ಯಕ್ಷರ ಹಲ್ಲಿಗೆ ಕೊಟ್ಟು, ಗಟ್ಟಿಯಾಗಿ ಕಚ್ಚಿಕೊಳ್ಳಿ, ತಲೆ ಅಲ್ಲಾಡಿಸಬೇಡಿ ಎಂದ. ಸುರೇಖಾ ಆಗಲೇ ಮೊದಲನೆಯ ವಿಷಯ ಓದಿದಳು. ಯಾವ ಕೆಲಸದ ಮಾತು ಬಂದರೂ ಮಲ್ಲಣ್ಣನವರು ಹೂಡುತ್ತಿದ್ದ 'ಮುಂದಿನ ಸಭೆಗೆ ನೋಡೋಣ' ಎಂಬ ಬ್ರಹ್ಮಾಸ್ತ್ರ ಹಲ್ಲಿನ ಹಿಂದೆಯೇ ಉಳಿಯಿತು. ಒಪ್ಪಿಗೆಯಿದ್ದವರು ಕೈ ಎತ್ತಿ ಎಂದಳು. ತಡೆಯಬೇಕೆಂದು ಅಧ್ಯಕ್ಷರು ಕೈ ಎತ್ತಿದರು. ಅಧ್ಯಕ್ಷರ ಕೈ ಕಂಡು ಸದಸ್ಯರೆಲ್ಲ ಎತ್ತಿದರು.

ಬಾಯಿ ಬಿಡುಗಡೆಯಾದದ್ದೇ ಮಲ್ಲಣ್ಣನವರು ಸುರೇಖಾಳತ್ತ ತಿರುಗಿದರು. "ಏ ತಂಗಿ, ನಾ ನಿನ್ನ ನಿಂದ್ರಸಾಕ ಕೈ ಎತ್ತೇನಿ."

ಉತ್ತರ ಬಾಗಿಲಲ್ಲಿ ನಿಂತಿದ್ದ ಶೇವಂತೆವ್ವನಿಂದ ಬಂತು. "ಎತ್ತಿದ್ದು ನಾವೂ ನೋಡೇವ್ರಿ ಮಲ್ಲಣ್ಣಾರ. ಇಂಥಾ ಪಟಗಾ ಸುತಗೊಂಡು ಮಾತ ತಿರುಗಸ್ತೀರೇನು?"

ಮಲ್ಲಣ್ಣನವರು ಮೆಲ್ಲಗೆ ತುರಾಯಿ ಮುಟ್ಟಿ ನೋಡಿಕೊಂಡರು. ಅಂಥದ್ದನ್ನು ತಲೆಯ ಮೇಲಿಟ್ಟುಕೊಂಡು ಹಿಂದೆ ಸರಿಯುವ ಗಂಡಸು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಭಾಷಣ ಅಂಗಳದಲ್ಲೇ ಆಗಲಿ ಎಂದು ಹೊರಗೆ ನಡೆದರು. ಕಂಬ ನಿಲ್ಲಬೇಕಾದ ಜಾಗವನ್ನು ಹೆಂಗಸರು ತೋರಿಸಿದಲ್ಲೆಲ್ಲ ಚಪ್ಪಲಿಯ ತುದಿಯಿಂದ ಗೆರೆ ಎಳೆದರು.

"ಇನ್ನ ಸ್ವಲ್ಪ ಆಚಿ ಸರೀರಿ," ಎಂದಳು ಶೇವಂತೆವ್ವ.

ಅಧ್ಯಕ್ಷರು ಸರಿದರು. ಸುರೇಖಾ ಮಿರ್ಚಿ ಕರಿಯಲು ಹೇಳಿಕಳಿಸಿದಳು.